ವಧಿಸದ ವೀರ: ಅಮೆರಿಕದ ಚಿತ್ರಕಥೆಗಳಲ್ಲಿ ಒಂದು ನಿಯಮದ ಇತಿಹಾಸ

೧

ಒಂದು ಜನಾಂಗವು ತನ್ನ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಆ ಜನಾಂಗದ ನ್ಯಾಯಕಲ್ಪನೆ ಅಡಗಿರುತ್ತದೆಯೆಂಬುದನ್ನು ಒಪ್ಪುವುದಾದರೆ, ಅಮೆರಿಕದಲ್ಲಿ ಹುಟ್ಟಿ ಇಂದು ಪ್ರಪಂಚದ ಬಹುಭಾಗದಲ್ಲಿ ಓದುಗರನ್ನೂ ಪ್ರೇಕ್ಷಕರನ್ನೂ ಪಡೆದಿರುವ ಅತಿಮಾನುಷ ವೀರರ ಚಿತ್ರಕಥೆಗಳು, ಅಂದರೆ ನಾವು ಕಾಮಿಕ್ಸ್ ಎಂದು ಕರೆಯುವ ಪುಸ್ತಕಗಳು, ಇತಿಹಾಸದ ವಿದ್ಯಾರ್ಥಿಗೂ ಪರಿಶೀಲನಾರ್ಹವಾಗುತ್ತವೆ. ಪ್ರಕೃತ ಲೇಖನದಲ್ಲಿ ಅವುಗಳ ಒಂದು ನಿಯಮವನ್ನು ಮಾತ್ರ ವಿಚಾರಕ್ಕೆ ತೆಗೆದುಕೊಂಡಿದೆ. ವೀರನು ದುಷ್ಟನನ್ನು ಹಿಡಿಯಬೇಕು, ಆದರೆ ಕೊಲ್ಲಕೂಡದು ಎಂಬುದೇ ಆ ನಿಯಮ.

ಕೆಲವು ತಿಂಗಳ ಹಿಂದೆ ತರಗತಿಯಲ್ಲಿ ದಂಡನೀತಿಯ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಬ್ಯಾಟ್‌ಮ್ಯಾನನು ಜೋಕರನನ್ನು ಹಿಡಿದು ಹುಚ್ಚಾಸ್ಪತ್ರೆಗೆ ಒಪ್ಪಿಸುತ್ತಾನೆ. ಜೋಕರನು ತಪ್ಪಿಸಿಕೊಂಡು ಬಂದು ಮತ್ತೆ ಕೊಲೆ ಮಾಡುತ್ತಾನೆ. ಮೊದಲ ಸಲವೇ ಅವನನ್ನು ಕೊಂದುಹಾಕಿದ್ದರೆ ಆಮೇಲೆ ಸತ್ತವರೆಲ್ಲ ಉಳಿಯುತ್ತಿರಲಿಲ್ಲವೇ, ಸರ್? ಕೊಲ್ಲದೆ ಬಿಟ್ಟವನ ತಲೆಗೆ ಆ ಪಾಪ ಸುತ್ತಿಕೊಳ್ಳುವುದಿಲ್ಲವೇ?” ಸಹಪಾಠಿಗಳು ನಕ್ಕರು. ನನಗೆ ತಕ್ಷಣ ಸಮರ್ಪಕವಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದಷ್ಟೂ ಪ್ರಶ್ನೆ ನಗೆಗೆ ತಕ್ಕದ್ದಲ್ಲವೆಂದು ತೋರಿತು. ಆ ವಿದ್ಯಾರ್ಥಿಗೆ ಅಂದು ಕೊಡಲಾಗದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸಿದ್ದೇನೆ.

ಕಾವ್ಯಪುರಾಣಗಳನ್ನು ಕೇಳಿ ಬೆಳೆದ ನಮ್ಮ ಓದುಗನಿಗೆ ಈ ನಿಯಮವು ವಿಚಿತ್ರವಾಗಿ ಕಾಣುವುದು ಸಹಜ. ರಾಮನು ರಾವಣನನ್ನು ಸಂಹರಿಸಿದನು; ಭೀಮನು ದುರ್ಯೋಧನನ ತೊಡೆಯನ್ನು ಮುರಿದನು. ದುಷ್ಟಶಿಕ್ಷಣವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ವಧೆಯೇ. ಆದರೆ ಒಂದು ಭೇದವನ್ನು ಮರೆಯಬಾರದು. ರಾಮನೂ ಭೀಮನೂ ರಾಜಕುಲದ ಕ್ಷತ್ರಿಯರು. ದಂಡಧಾರಣೆ ಅವರ ಧರ್ಮ. ಅವರ ಯುದ್ಧಗಳು ಘೋಷಿತವಾದ ಯುದ್ಧಗಳು. ಅಷ್ಟಾದರೂ ನಾಭಿಯ ಕೆಳಗೆ ಹೊಡೆದ ಭೀಮನ ಗದಾಪ್ರಹಾರವನ್ನು ಬಲರಾಮನು ಸಹಿಸಲಿಲ್ಲ. ಇದಕ್ಕೆ ಪ್ರತಿಯಾಗಿ ಚಿತ್ರಕಥೆಯ ವೀರನಿಗೆ ಯಾವ ಪಟ್ಟವೂ ಇಲ್ಲ, ಅಧಿಕಾರಮುದ್ರೆಯೂ ಇಲ್ಲ. ಅವನು ಮುಖವಾಡ ತೊಟ್ಟ ಒಬ್ಬ ನಾಗರಿಕ. ಅವನಿಗೆ ಕೊಲ್ಲುವ ಶಕ್ತಿಯಿದೆಯೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಕೊಲ್ಲುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು ಎಂಬುದೇ ಪ್ರಶ್ನೆ. ಈ ಪ್ರಶ್ನೆಯನ್ನು ಸರಿಯಾಗಿ ಅರಿಯಬೇಕಾದರೆ ನಿಯಮವು ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

೨

ವಧಿಸದಿರುವ ವ್ರತವು ವೀರನ ಜೊತೆಯಲ್ಲಿಯೇ ಹುಟ್ಟಿತೆಂಬುದು ಸಾಮಾನ್ಯರ ನಂಬಿಕೆ. ಆದರೆ ಆಧಾರಗಳು ಬೇರೆ ರೀತಿಯಾಗಿ ಹೇಳುತ್ತವೆ.

ಓಹಿಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಇಬ್ಬರು ತರುಣರು, ಲೇಖಕ ಜೆರಿ ಸೀಗಲ್ ಮತ್ತು ಚಿತ್ರಕಾರ ಜೋ ಶುಸ್ಟರ್, ಸೃಷ್ಟಿಸಿದ ಸೂಪರ್‌ಮ್ಯಾನನು ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ೧೯೩೮ರ ಜೂನ್ ತಿಂಗಳ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡನು. ಈ ವೀರನ ಹಕ್ಕನ್ನು ಅವರು ೧೩೦ ಡಾಲರುಗಳಿಗೆ ಪ್ರಕಾಶಕರಿಗೆ ಮಾರಿದರೆಂಬುದು ಸುಪ್ರಸಿದ್ಧ. ಆ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನನು ಕೈಕೊಂಡ ಮೊದಲ ಕಾರ್ಯ ಯಾವುದೆಂಬುದನ್ನು ಮಾತ್ರ ಹೆಚ್ಚು ಜನ ಗಮನಿಸಿದಂತಿಲ್ಲ. ಮಾಡದ ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಒಬ್ಬ ಸ್ತ್ರೀಯನ್ನು ಆ ರಾತ್ರಿ ವಿದ್ಯುತ್ ಕುರ್ಚಿಗೆ ಒಯ್ಯಲಿದ್ದಾರೆ. ಸೂಪರ್‌ಮ್ಯಾನನು ನಿಜವಾದ ಅಪರಾಧಿನಿಯನ್ನು ಕಟ್ಟಿ ಹೊತ್ತು ತಂದು ರಾಜ್ಯಪಾಲನ ಮನೆಯ ಅಂಗಳದಲ್ಲಿ ಇಳಿಸುತ್ತಾನೆ. ಬಾಗಿಲನ್ನು ಮುರಿದು ಒಳಹೊಕ್ಕು, ತಪ್ಪೊಪ್ಪಿಗೆಯ ಪತ್ರವನ್ನು ರಾಜ್ಯಪಾಲನ ಮುಂದಿಡುತ್ತಾನೆ. ಕೆಲವೇ ನಿಮಿಷಗಳಿರುವಾಗ ದಂಡನೆ ನಿಲ್ಲುತ್ತದೆ. ಉಕ್ಕಿನ ಬಾಗಿಲನ್ನು ಕೀಳಬಲ್ಲ ಆ ವೀರನು ಸೆರೆಮನೆಗೆ ನುಗ್ಗಿ ಆಕೆಯನ್ನು ಬಿಡಿಸಿಕೊಂಡು ಬರಬಹುದಾಗಿತ್ತು. ಹಾಗೆ ಮಾಡದೆ ಅಧಿಕಾರವುಳ್ಳವನ ಸಹಿಗಾಗಿ ಓಡಿದನು. ಹೀಗೆ ಈ ಜಾತಿಯ ಸಾಹಿತ್ಯದ ಮೊಟ್ಟಮೊದಲ ಸಾಹಸವೇ ಒಂದು ತಪ್ಪಾದ ವಧೆಯನ್ನು ತಡೆದ ಸಾಹಸ. ಈ ಸಂಗತಿಗೆ ಮುಂದೆ ಮರಳಿ ಬರಬೇಕಾಗುತ್ತದೆ.

ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಬ್ಯಾಟ್‌ಮ್ಯಾನನು ೧೯೩೯ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ ೨೭ನೆಯ ಸಂಚಿಕೆಯಲ್ಲಿ ಬಂದನು. ಅವನ ಸ್ವಭಾವ ಬೇರೆ. ಮೊದಲ ಕಥೆಯಲ್ಲಿಯೇ ಅವನ ಹೊಡೆತಕ್ಕೆ ಸಿಕ್ಕಿದ ಖಳನು ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಅಂಥವರಿಗೆ ತಕ್ಕ ಅಂತ್ಯವೇ ಆಯಿತೆಂದು ಬ್ಯಾಟ್‌ಮ್ಯಾನನು ಸಮಾಧಾನಪಡುತ್ತಾನೆ. ಆ ಕಾಲದ ಅಗ್ಗದ ಕಥಾಪತ್ರಿಕೆಗಳ ನಾಯಕ ‘ಶ್ಯಾಡೋ’ ಎರಡು ಕೈಗಳಲ್ಲಿಯೂ ಪಿಸ್ತೂಲು ಹಿಡಿಯುತ್ತಿದ್ದನು. ಬ್ಯಾಟ್‌ಮ್ಯಾನನು ಅವನ ಮನೆತನಕ್ಕೆ ಸೇರಿದವನು. ೧೯೪೦ರ ವಸಂತದಲ್ಲಿ ಹೊರಟ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನು ವಿಮಾನದಿಂದ ಮೆಷಿನ್‌ಗನ್ ಹಾರಿಸಿ ಲಾರಿಯಲ್ಲಿದ್ದವರನ್ನು ಕೊಲ್ಲುತ್ತಾನೆ. ಮನುಷ್ಯನ ಪ್ರಾಣ ತೆಗೆಯುವುದು ತನಗೆ ಇಷ್ಟವಿಲ್ಲವೆಂದೂ ಈ ಸಲ ಅನಿವಾರ್ಯವೆಂದೂ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಈ ಹಂತದಲ್ಲಿ ಸಂಪಾದಕ ವಿಟ್ನಿ ಎಲ್ಸ್‌ವರ್ತನು ಮಧ್ಯೆ ಪ್ರವೇಶಿಸಿದನು. ಇನ್ನು ಮುಂದೆ ಬ್ಯಾಟ್‌ಮ್ಯಾನನು ಕೊಲ್ಲಕೂಡದು, ಬಂದೂಕವನ್ನು ಹಿಡಿಯಕೂಡದು ಎಂಬ ಕಟ್ಟಳೆ ಅವನಿಂದ ಬಂದಿತು. ಅದೇ ಸಂಚಿಕೆಯಲ್ಲಿ ಜೋಕರನೂ ಪ್ರಥಮ ಬಾರಿಗೆ ಕಾಣಿಸಿಕೊಂಡಿದ್ದನು. ಅವನ ಎರಡನೆಯ ಕಥೆಯ ಕೊನೆಯಲ್ಲಿ ಅವನು ಎದೆಗೆ ಕತ್ತಿ ನಾಟಿ ಸಾಯಬೇಕೆಂಬುದು ಲೇಖಕರ ಮೂಲ ಸಂಕಲ್ಪ. ಇಂಥ ಖಳನನ್ನು ಕಳೆದುಕೊಳ್ಳುವುದು ಸರಿಯಲ್ಲವೆಂದು ಎಲ್ಸ್‌ವರ್ತನು ಸೂಚಿಸಲಾಗಿ, ಜೋಕರನು ಬದುಕುವನೆಂದು ವೈದ್ಯನು ತಿಳಿಸುವ ಒಂದು ಚಿತ್ರಚೌಕವನ್ನು ಕೊನೆಗೆ ಸೇರಿಸಲಾಯಿತು. ಮುಂದಿನ ಎಂಟು ದಶಕಗಳ ಧರ್ಮಜಿಜ್ಞಾಸೆಯೆಲ್ಲವೂ ಆ ಒಂದು ಚೌಕದಿಂದ ಹೊರಟಿತೆಂದರೆ ಅತಿಶಯೋಕ್ತಿಯಾಗಲಾರದು.

೩

ಹೀಗೆ ನಿಯಮದ ಮೂಲದಲ್ಲಿ ವ್ಯಾಪಾರದ ಅಗತ್ಯವಿತ್ತೆಂಬುದನ್ನು ಸಂಕೋಚವಿಲ್ಲದೆ ಒಪ್ಪಬೇಕು. ಕಂತುಕಂತಾಗಿ ಸಾಗುವ ಕಥೆಗೆ ಜನಪ್ರಿಯನಾದ ಖಳನು ಒಂದು ಬಂಡವಾಳ. ಕೊಂದರೆ ಬಂಡವಾಳ ನಷ್ಟ. ಆದರೆ ವ್ಯಾಪಾರವೊಂದೇ ಕಾರಣವಲ್ಲ. ೧೯೪೦ರ ಮೇ ೮ರಂದು ‘ಷಿಕಾಗೋ ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಸ್ಟರ್ಲಿಂಗ್ ನಾರ್ತನು ಈ ಪುಸ್ತಕಗಳನ್ನು ರಾಷ್ಟ್ರಕ್ಕೆ ಅಪಮಾನವೆಂದು ಕರೆದು, ಮಕ್ಕಳ ಮನಸ್ಸನ್ನು ಅವು ಕೆಡಿಸುತ್ತಿವೆಯೆಂದು ತೀವ್ರವಾಗಿ ಖಂಡಿಸಿದನು. ಮರುವರ್ಷ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನರ ಪ್ರಕಾಶಕರು ತಜ್ಞರ ಸಲಹಾ ಮಂಡಲಿಯೊಂದನ್ನು ನೇಮಿಸಿದರು. ತಂದೆತಾಯಿಗಳಿಗೆ ಭರವಸೆ ಕೊಡುವುದು ಅದರ ಉದ್ದೇಶ.

ಯುದ್ಧಕಾಲದಲ್ಲಿ ಈ ಸಂಯಮ ಸ್ವಲ್ಪ ಸಡಿಲವಾಯಿತು. ೧೯೪೧ರ ಮಾರ್ಚ್ ಸಂಚಿಕೆಯೆಂದು ಅಚ್ಚಾದ ‘ಕ್ಯಾಪ್ಟನ್ ಅಮೆರಿಕ’ ಪತ್ರಿಕೆಯ ಮೊದಲ ಮುಖಪುಟದಲ್ಲಿ ನಾಯಕನು ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅಮೆರಿಕವು ಯುದ್ಧಕ್ಕೆ ಇಳಿದುದು ಆ ವರ್ಷದ ಡಿಸೆಂಬರಿನಲ್ಲಿ. ಆ ನಾಯಕನು ಸೈನಿಕ. ಸೈನಿಕನಾದವನು ರಾಜ್ಯದ ಆಜ್ಞೆಯಿಂದ ಕೊಲ್ಲುತ್ತಾನಾದುದರಿಂದ ಅವನ ಪ್ರಶ್ನೆಯೇ ಬೇರೆ.

ಯುದ್ಧಾನಂತರ ಅಪರಾಧದ ಮತ್ತು ಭೀಭತ್ಸದ ಚಿತ್ರಕಥೆಗಳು ಹೆಚ್ಚಿದಂತೆ ಜನರ ಆತಂಕವೂ ಹೆಚ್ಚಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಾಮನು ೧೯೫೪ರಲ್ಲಿ ಪ್ರಕಟಿಸಿದ ಗ್ರಂಥವು ಬಾಲಾಪರಾಧಕ್ಕೂ ಈ ಪುಸ್ತಕಗಳಿಗೂ ಸಂಬಂಧ ಕಲ್ಪಿಸಿತು. ತಾನು ಸುರಕ್ಷಿತನಾಗಿದ್ದುಕೊಂಡು ಇತರರು ದಂಡನೆಗೊಳಗಾಗುವುದನ್ನು ಕಂಡು ಹಿಗ್ಗುವ ಮನೋವೃತ್ತಿಯನ್ನು ಸೂಪರ್‌ಮ್ಯಾನನ ಕಥೆಗಳು ಬೆಳೆಸುತ್ತವೆಂಬುದು ಅವನ ಆಕ್ಷೇಪಣೆಗಳಲ್ಲೊಂದು. ಅವನ ಪ್ರಮಾಣಗಳಲ್ಲಿ ಹಲವು ದುರ್ಬಲವೆಂದು ಅನಂತರದ ಸಂಶೋಧನೆ ತೋರಿಸಿದೆಯಾದರೂ, ಈ ಒಂದು ಮಾತು ಆಲೋಚನೆಗೆ ಯೋಗ್ಯವಾದುದು. ಅದೇ ವರ್ಷ ಸೆನೆಟಿನ ಉಪಸಮಿತಿ ವಿಚಾರಣೆ ನಡೆಸಿತು. ಸರ್ಕಾರದ ಕಾನೂನು ಬರುವ ಮೊದಲೇ ಪ್ರಕಾಶಕರು ಒಟ್ಟುಗೂಡಿ ೧೯೫೪ರ ಅಕ್ಟೋಬರ್ ೨೬ರಂದು ತಮಗೆ ತಾವೇ ಒಂದು ಸಂಹಿತೆಯನ್ನು ವಿಧಿಸಿಕೊಂಡರು. ಪ್ರತಿಯೊಂದು ಕಥೆಯಲ್ಲಿಯೂ ಒಳ್ಳೆಯದು ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಬೇಕು, ಪೊಲೀಸರು ನ್ಯಾಯಾಧೀಶರು ಮೊದಲಾದವರಲ್ಲಿ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು ಎಂಬಿವು ಅದರ ಮುಖ್ಯ ವಿಧಿಗಳು. ಈ ಸಂಹಿತೆಯು ೧೯೭೧ರಲ್ಲಿ ಮೊದಲು ಸಡಿಲಗೊಂಡಿತು. ೧೯೮೯ರಲ್ಲಿ ಪುನಃ ಪರಿಷ್ಕೃತವಾಗಿ, ೨೦೧೧ರಲ್ಲಿ ಉಳಿದಿದ್ದ ಪ್ರಕಾಶಕರೂ ಕೈಬಿಟ್ಟುದರಿಂದ ಕೊನೆಗೊಂಡಿತು. ಗಮನಾರ್ಹವಾದ ಸಂಗತಿಯೆಂದರೆ, ಸಂಹಿತೆ ಹೋದ ಮೇಲೂ ವಧಿಸದಿರುವ ವ್ರತ ಹೋಗಲಿಲ್ಲ. ಹೊರಗಿನಿಂದ ವಿಧಿಸಿದ ಕಟ್ಟಳೆಯು ಅಷ್ಟರಲ್ಲಿ ನಾಯಕರ ಶೀಲವಾಗಿ ಪರಿಣಮಿಸಿತ್ತು. ಕೇವಲ ವ್ಯಾಪಾರದಿಂದ ಹುಟ್ಟಿದ ನಿಯಮ ಇಷ್ಟು ಆಳವಾಗಿ ಬೇರುಬಿಡಲು ಕಾರಣವೇನು? ಇದಕ್ಕೆ ಉತ್ತರವನ್ನು ಚಿತ್ರಕಥೆಗಳ ಹೊರಗೆ, ಆ ದೇಶದ ಇತಿಹಾಸದಲ್ಲಿ ಹುಡುಕಬೇಕು.

೪

ಕಾನೂನಿನ ಹೊರಗೆ ನಿಂತು ದುಷ್ಟರನ್ನು ದಂಡಿಸುವ ವ್ಯಕ್ತಿ ಅಮೆರಿಕದಲ್ಲಿ ಕವಿಕಲ್ಪನೆಯಲ್ಲ. ಚಿನ್ನದ ಆಸೆಯಿಂದ ಜನ ನುಗ್ಗಿದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನ್ಯಾಯಾಲಯಗಳು ನಿಷ್ಪ್ರಯೋಜಕವೆಂದು ನಿರ್ಧರಿಸಿದ ನಾಗರಿಕರು ೧೮೫೧ರಲ್ಲಿಯೂ ಮತ್ತೆ ೧೮೫೬ರಲ್ಲಿಯೂ ಜಾಗರಣ ಸಮಿತಿಗಳನ್ನು ರಚಿಸಿಕೊಂಡು ಪ್ರತಿಯೊಂದು ಸಲವೂ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ವರ್ತಕರೂ ಗಣ್ಯರೂ ಇದ್ದರು. ತಾವು ಮಾಡುತ್ತಿರುವುದು ನ್ಯಾಯವೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಇದಕ್ಕಿಂತ ಘೋರವಾದುದು ಲಿಂಚಿಂಗ್ ಎಂಬ ಗುಂಪುವಧೆ. ಟಸ್ಕೀಗೀ ಸಂಸ್ಥೆ ಸಂಗ್ರಹಿಸಿದ ಲೆಕ್ಕದ ಪ್ರಕಾರ ೧೮೮೨ರಿಂದ ೧೯೬೮ರವರೆಗೆ ಹೀಗೆ ಹತರಾದವರು ೪,೭೪೩ ಮಂದಿ. ಅವರಲ್ಲಿ ೩,೪೪೬ ಮಂದಿ ನೀಗ್ರೋ ಜನಾಂಗದವರೆಂದು ಆಗ ಕರೆಯಲ್ಪಡುತ್ತಿದ್ದ ಕರಿಯ ಅಮೆರಿಕನ್ನರು. ಎಷ್ಟೋ ಪ್ರಸಂಗಗಳಲ್ಲಿ ಆರೋಪವೇ ಸುಳ್ಳು. ಇನ್ನೆಷ್ಟೋ ಪ್ರಸಂಗಗಳಲ್ಲಿ ಆರೋಪವೂ ಇಲ್ಲ. ಮುಖವಾಡ ಧರಿಸಿ ರಾತ್ರಿ ಸಂಚರಿಸಿದ ಕೂ ಕ್ಲಕ್ಸ್ ಕ್ಲಾನಿನವರು ತಮ್ಮನ್ನು ವೀರರೆಂದೇ ಭಾವಿಸಿದ್ದರು. ೧೯೧೫ರಲ್ಲಿ ತೆರೆಕಂಡ ‘ದಿ ಬರ್ತ್ ಆಫ್ ಎ ನೇಷನ್’ ಚಲನಚಿತ್ರವು ಅವರನ್ನು ಹಾಗೆಯೇ ಚಿತ್ರಿಸಿತು. ಲಿಂಚಿಂಗನ್ನು ತಡೆಯುವ ಮಸೂದೆಯೊಂದು ೧೯೩೭ರಲ್ಲಿ ಕೆಳಮನೆಯ ಒಪ್ಪಿಗೆ ಪಡೆದರೂ, ಸೆನೆಟಿನಲ್ಲಿ ವಿರೋಧಿಗಳು ವಾರಗಟ್ಟಲೆ ಮಾತನಾಡಿ ಕಾಲಹರಣ ಮಾಡಿದುದರಿಂದ ೧೯೩೮ರ ಫೆಬ್ರವರಿಯಲ್ಲಿ ಮೂಲೆಗೆ ಬಿದ್ದಿತು. ಅಂಥ ಕಾನೂನು ಕೊನೆಗೂ ಬಂದುದು ೨೦೨೨ರಲ್ಲಿ.

೧೯೩೮ರ ವಸಂತದಲ್ಲಿಯೇ ಸೂಪರ್‌ಮ್ಯಾನನು ಹುಟ್ಟಿದನೆಂಬುದು ಕಾಕತಾಳೀಯ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಆಧಾರವಿಲ್ಲ. ಆದರೆ ಮುಖವಾಡದ ಹಿಂದೆ ಅವಿತುಕೊಂಡು ಕೊಲ್ಲುವ ನಾಗರಿಕನೆಂದರೇನೆಂಬುದು ಆ ದೇಶದ ಜನರಿಗೆ ಪತ್ರಿಕೆಗಳ ಮೂಲಕ ತಿಳಿದಿತ್ತು. ಮುಖವಾಡದ ವೀರನು ಗುಂಪಿನ ಕೊಲೆಗಡುಕನಿಗಿಂತ ಭಿನ್ನನಾಗಿ ಉಳಿಯಬೇಕಾದರೆ ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕಾಗಿತ್ತು. ಹಿಡಿಯುವುದು ತನ್ನ ಕೆಲಸ, ತೀರ್ಪು ಇತರರದು ಎಂಬುದೇ ಆ ಗೆರೆ. ಸಂಪಾದಕನು ಬೇರೆ ಕಾರಣಗಳಿಗಾಗಿ ಅದನ್ನು ಎಳೆದಿರಬಹುದು. ಅದು ಅಳಿಸಿಹೋಗದೆ ಉಳಿದುದಕ್ಕೆ ಕಾರಣ ಇದೆಂದು ನನ್ನ ಅಭಿಪ್ರಾಯ.

೫

೧೯೭೦ರ ದಶಕದಲ್ಲಿ ಈ ಗೆರೆಯನ್ನು ಬಹಿರಂಗವಾಗಿ ಪ್ರಶ್ನಿಸತೊಡಗಿದರು. ೧೯೭೩ರಲ್ಲಿ ಸ್ಪೈಡರ್‌ಮ್ಯಾನನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಗ್ರೀನ್ ಗಾಬ್ಲಿನ್ ಎಂಬ ಖಳನು ಕೊಂದನು. ಮುಂದಿನ ಸಂಚಿಕೆಯಲ್ಲಿ ಸೇಡಿನಿಂದ ಉರಿಯುತ್ತಿದ್ದ ಸ್ಪೈಡರ್‌ಮ್ಯಾನನು ಕೊನೆಯ ಕ್ಷಣದಲ್ಲಿ ಕೈ ತಡೆಯುತ್ತಾನೆ. ಖಳನು ತಾನೇ ನಡೆಸಿದ ಹಾರುಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಇದು ಲೇಖಕರ ಹಳೆಯ ಉಪಾಯ: ಖಳನೂ ಸಾಯಬೇಕು, ನಾಯಕನ ಕೈಯೂ ನೆತ್ತರಾಗಬಾರದು. ೧೯೮೬ರಲ್ಲಿ ಫ್ರಾಂಕ್ ಮಿಲ್ಲರನು ಬರೆದ ವೃದ್ಧ ಬ್ಯಾಟ್‌ಮ್ಯಾನನ ಕಥೆಯಲ್ಲಿಯೂ ಜೋಕರನು ತನ್ನ ಕತ್ತನ್ನು ತಾನೇ ಮುರಿದುಕೊಳ್ಳುತ್ತಾನೆ.

ಅದೇ ಸ್ಪೈಡರ್‌ಮ್ಯಾನ್ ಪತ್ರಿಕೆಯ ೧೯೭೪ರ ಫೆಬ್ರವರಿ ಸಂಚಿಕೆಯಲ್ಲಿ, ನಾವು ವಿಚಾರಿಸುತ್ತಿರುವ ಪ್ರಶ್ನೆಗೆ ‘ಕೊಲ್ಲಬೇಕು’ ಎಂದು ನಿಸ್ಸಂಕೋಚವಾಗಿ ಉತ್ತರಿಸುವ ಪಾತ್ರವೊಂದು ಬಂದಿತು. ಜೆರಿ ಕಾನ್ವೇ ಮತ್ತು ಚಿತ್ರಕಾರರಾದ ಜಾನ್ ರೊಮೀಟ, ರಾಸ್ ಆಂಡ್ರು ರೂಪಿಸಿದ ಆ ಪಾತ್ರವೇ ‘ಪನಿಶರ್’, ಎಂದರೆ ದಂಡಿಸುವವನು. ದುಷ್ಟರನ್ನು ಗುಂಡಿಕ್ಕಿ ಕೊಲ್ಲುವುದೇ ಇವನ ಕಸುಬು. ಆ ಮೊದಲ ಕಥೆಯಲ್ಲಿ ಇವನ ಬಂದೂಕಕ್ಕೆ ಗುರಿಯಾದವನು ಯಾರು? ಸ್ಪೈಡರ್‌ಮ್ಯಾನ್. ಗ್ರೀನ್ ಗಾಬ್ಲಿನ್ ವೇಷದ ಹಿಂದಿದ್ದ ಆಸ್ಬರ್ನನನ್ನು ಕೊಂದವನು ಸ್ಪೈಡರ್‌ಮ್ಯಾನನೇ ಎಂಬ ಸುಳ್ಳು ಸುದ್ದಿಯನ್ನು ನಂಬಿ, ಇನ್ನೊಬ್ಬ ಖಳನ ಮೋಸಕ್ಕೆ ಬಲಿಯಾಗಿ, ಅವನು ನಿರಪರಾಧಿಯನ್ನು ಕೊಲ್ಲಲು ಹೊರಟಿದ್ದನು. ಸೂಪರ್‌ಮ್ಯಾನನ ಮೊದಲ ಕಥೆಯನ್ನೂ ಪನಿಶರನ ಮೊದಲ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯವನು ನ್ಯಾಯಾಲಯವೂ ತಪ್ಪಬಲ್ಲದೆಂಬುದನ್ನು ತೋರಿಸುತ್ತಾನೆ. ಎರಡನೆಯವನು ನ್ಯಾಯಾಲಯವಿಲ್ಲದವನು ಇನ್ನೂ ಬೇಗ ತಪ್ಪುತ್ತಾನೆಂಬುದನ್ನು ತೋರಿಸುತ್ತಾನೆ. ನ್ಯಾಯಾಲಯದ ತಪ್ಪಿಗೆ ರಾಜ್ಯಪಾಲನ ಬಾಗಿಲಾದರೂ ಇದ್ದಿತು. ಪನಿಶರನ ತಪ್ಪಿಗೆ ಯಾವ ಬಾಗಿಲೂ ಇರಲಿಲ್ಲ.

೧೯೮೮ ಈ ಇತಿಹಾಸದಲ್ಲಿ ವಿಶೇಷವಾದ ವರ್ಷ. ಬ್ಯಾಟ್‌ಮ್ಯಾನನ ಕಿರಿಯ ಸಂಗಡಿಗ ರಾಬಿನನು ಜೋಕರನ ಕೈಗೆ ಸಿಕ್ಕಿದ ಸಂದರ್ಭದಲ್ಲಿ, ಅವನು ಬದುಕಬೇಕೆ ಸಾಯಬೇಕೆ ಎಂಬುದನ್ನು ದೂರವಾಣಿಯ ಮೂಲಕ ನಿರ್ಧರಿಸುವಂತೆ ಪ್ರಕಾಶಕರು ಓದುಗರನ್ನು ಕೇಳಿದರು. ಸಾಯಲೆಂದವರ ಮತ ೫,೩೪೩, ಉಳಿಯಲೆಂದವರದು ೫,೨೭೧. ಎಪ್ಪತ್ತೆರಡು ಮತಗಳ ಅಂತರದಿಂದ ಹುಡುಗನು ಸತ್ತನು, ಜೋಕರನು ಉಳಿದನು. ಖಳನನ್ನು ಕೊಲ್ಲದ ವೀರನನ್ನು ದೂಷಿಸುವಾಗ, ಬಲಿಯಾದವನ ಸಾವಿಗೆ ಮತ ಹಾಕಿದವರು ಯಾರೆಂಬುದನ್ನೂ ನೆನೆಯಬೇಕು.

ಅದೇ ವರ್ಷದ ಅಕ್ಟೋಬರ್ ಸಂಚಿಕೆಯಲ್ಲಿ ಜಾನ್ ಬರ್ನನು ಸೂಪರ್‌ಮ್ಯಾನನ ಕೈಯಿಂದಲೇ ವಧೆ ಮಾಡಿಸಿದನು. ಮತ್ತೊಂದು ಲೋಕದ ಐನೂರು ಕೋಟಿ ಜನರನ್ನು ಕೊಂದ ಮೂವರು ಅಪರಾಧಿಗಳು ಶಕ್ತಿಗುಂದಿ ಅವನ ಸೆರೆಯಲ್ಲಿದ್ದಾರೆ. ಶಕ್ತಿ ಮರಳಿದೊಡನೆ ಅವನ ಲೋಕವನ್ನೂ ನಾಶಮಾಡುವುದಾಗಿ ಬೆದರಿಸುತ್ತಾರೆ. ಅಲ್ಲಿ ನ್ಯಾಯಾಲಯವಿಲ್ಲ, ನ್ಯಾಯಾಧೀಶನಿಲ್ಲ. ಅವರನ್ನು ನೇಮಿಸುವ ಜನರೇ ಉಳಿದಿಲ್ಲ. ಸೂಪರ್‌ಮ್ಯಾನನು ತಾನೇ ತೀರ್ಪು ಕೊಟ್ಟು, ತಾನೇ ಅದನ್ನು ನೆರವೇರಿಸುತ್ತಾನೆ. ವಧೆಗೆ ಅನುಕೂಲವಾದ ಇದಕ್ಕಿಂತ ಬಲವಾದ ಪ್ರಸಂಗವನ್ನು ಕಲ್ಪಿಸುವುದು ಕಷ್ಟ. ಆದರೂ ಅನಂತರದ ಸಂಚಿಕೆಗಳಲ್ಲಿ ಅವನ ಮನಸ್ಸು ಒಡೆಯುತ್ತದೆ. ತನ್ನನ್ನು ತಾನೇ ನಂಬಲಾರದೆ ಭೂಮಿಯನ್ನು ಬಿಟ್ಟು ಹೋಗುತ್ತಾನೆ.

೧೯೯೬ರ ‘ಕಿಂಗ್‌ಡಮ್ ಕಮ್’ ಕಥೆಯಲ್ಲಿ ಸೆರೆಯಾಗಿದ್ದ ಜೋಕರನನ್ನು ಮ್ಯಾಗಾಗ್ ಎಂಬ ಹೊಸ ವೀರನು ಕೊಂದು ನ್ಯಾಯಾಲಯದಲ್ಲಿ ಬಿಡುಗಡೆ ಹೊಂದುತ್ತಾನೆ. ಜನರು ಅವನನ್ನೇ ಮೆಚ್ಚುತ್ತಾರೆ. ಮುಂದಿನ ಪೀಳಿಗೆಯ ವೀರರು ಯಾವ ಅಂಕೆಯೂ ಇಲ್ಲದೆ ಬೀದಿಗಳಲ್ಲಿ ಹೊಡೆದಾಡುತ್ತಾರೆ. ೨೦೦೫ರಲ್ಲಿ ವಂಡರ್ ವುಮನ್, ೨೦೧೩ರ ಚಲನಚಿತ್ರದಲ್ಲಿ ಸೂಪರ್‌ಮ್ಯಾನನು, ಬೇರೆ ದಾರಿ ಕಾಣದೆ ಖಳನ ಕತ್ತು ಮುರಿದಾಗಲೂ ಓದುಗರಲ್ಲಿಯೂ ಪ್ರೇಕ್ಷಕರಲ್ಲಿಯೂ ದೊಡ್ಡ ವಾದವೇ ಎದ್ದಿತು.

೬

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರಬಹುದು. ವಧೆಯ ಪಕ್ಷದವರ ವಾದ ಹೃದಯಹೀನವಾದುದಲ್ಲ. ಬಲಿಯಾದವರ ಮೇಲಿನ ಕನಿಕರವೇ ಅದಕ್ಕೆ ಮೂಲ. ಆದುದರಿಂದ ಅದನ್ನು ತಾತ್ಸಾರದಿಂದ ಕಾಣಬಾರದು. ಆದರೆ ಆ ವಾದವು ಎರಡು ಭಾವನೆಗಳನ್ನು ಆಧರಿಸಿದೆ. ಎರಡೂ ಚಿತ್ರಕಥೆಯ ಒಳಗಷ್ಟೇ ಸತ್ಯ.

ಮೊದಲನೆಯದು, ಸೆರೆಮನೆ ಯಾವಾಗಲೂ ಸೋರುತ್ತದೆ ಎಂಬ ಭಾವನೆ. ಜೋಕರನು ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಳ್ಳುವುದು ಅಲ್ಲಿನ ಗೋಡೆ ದುರ್ಬಲವಾಗಿರುವುದರಿಂದಲ್ಲ, ಮುಂದಿನ ತಿಂಗಳ ಸಂಚಿಕೆ ಹೊರಡಬೇಕಾಗಿರುವುದರಿಂದ. ೧೯೪೦ರಲ್ಲಿ ಅವನನ್ನು ಬದುಕಿಸಿದ ಕೈಯೇ ಪ್ರತಿಸಲವೂ ಬಾಗಿಲನ್ನು ತೆರೆಯುತ್ತದೆ. ನಿಜಜೀವನದಲ್ಲಿ ಬಾಗಿಲು ಭದ್ರವಾಗಿಲ್ಲದಿದ್ದರೆ ಅದನ್ನು ಭದ್ರಪಡಿಸಬೇಕಾದ ಹೊಣೆ ಸಂಸ್ಥೆಯದು, ಸಂಸ್ಥೆಯನ್ನು ನಡೆಸುವ ರಾಜ್ಯದ್ದು, ರಾಜ್ಯವನ್ನು ನಡೆಸುವ ನಮ್ಮೆಲ್ಲರದು. ಆ ಹೊಣೆಯನ್ನು ಒಬ್ಬ ಕೊಲೆಗಾರನಿಗೆ ಹೊರಿಸಿ ನಾವು ಹಗುರಾಗುವುದು ಯುಕ್ತವಲ್ಲ.

ಎರಡನೆಯದು, ಅಪರಾಧಿ ಯಾರೆಂಬುದು ನಮಗೆ ನಿಶ್ಚಯವಾಗಿ ಗೊತ್ತು ಎಂಬ ಭಾವನೆ. ಚಿತ್ರಕಥೆಯ ಓದುಗನು ಅಪರಾಧವನ್ನು ಕಣ್ಣಾರೆ ಕಾಣುತ್ತಾನೆ. ಖಳನ ಮನಸ್ಸಿನ ಮಾತನ್ನೂ ಅವನ ತಲೆಯ ಮೇಲಿನ ಮೋಡದಲ್ಲಿ ಓದುತ್ತಾನೆ. ಇತಿಹಾಸಕಾರನಿಗಾಗಲಿ ನ್ಯಾಯಾಧೀಶನಿಗಾಗಲಿ ಈ ಭಾಗ್ಯವಿಲ್ಲ. ಅವರಿಗಿರುವುದು ಸಾಕ್ಷ್ಯ ಮಾತ್ರ. ಸಾಕ್ಷ್ಯವು ಒಡೆದ ಶಾಸನದಂತೆ, ಅಲ್ಲಲ್ಲಿ ಅಕ್ಷರ ಹೋಗಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಸಮಿತಿಗೂ, ಹಗ್ಗ ಹಿಡಿದು ಹೊರಟ ಗುಂಪಿಗೂ ಸಂಶಯವಿರಲಿಲ್ಲ ಎಂಬುದನ್ನು ನೆನೆಯಬೇಕು. ವಿಚಾರಣೆಯೆಂಬುದು ನಿಶ್ಚಯವುಳ್ಳವರ ಕೈಯನ್ನು ಸ್ವಲ್ಪ ಕಾಲ ಹಿಡಿದು ನಿಲ್ಲಿಸುವ ಏರ್ಪಾಡು.

ಇದು ಕೇವಲ ಪುಸ್ತಕದ ವಿಷಯವಲ್ಲ. ಪನಿಶರನ ಎದೆಯ ಮೇಲಿನ ತಲೆಬುರುಡೆಯ ಲಾಂಛನವನ್ನು ಇರಾಕಿನಲ್ಲಿ ಹೋರಾಡಿದ ಕೆಲವು ಅಮೆರಿಕನ್ ಸೈನಿಕರೂ, ಆಮೇಲೆ ಕೆಲವು ಪೊಲೀಸರೂ ಧರಿಸತೊಡಗಿದರು. ಕಾನೂನನ್ನು ಕಾಯಬೇಕಾದವರು ಕಾನೂನು ಸೋತುದರ ಗುರುತನ್ನು ಧರಿಸುವುದು ಕಳವಳಕಾರಿಯೆಂದು ಆ ಪಾತ್ರದ ಸೃಷ್ಟಿಕರ್ತನಾದ ಕಾನ್ವೇಯೇ ೨೦೧೯ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದನು. ನ್ಯಾಯಾಲಯಗಳ ವಿಳಂಬದಿಂದ ಬೇಸತ್ತ ಜನರು ವಿಚಾರಣೆಯಿಲ್ಲದ ಗುಂಡಿಗೆ ಚಪ್ಪಾಳೆ ತಟ್ಟುವುದನ್ನು ನಾವೂ ಕಂಡಿದ್ದೇವೆ. ಬೇಸರ ನ್ಯಾಯವಾದುದು, ಚಪ್ಪಾಳೆ ಅಲ್ಲ.

ಆದುದರಿಂದ ವೀರನು ಖಳನನ್ನು ವಧಿಸಬಾರದೆಂಬುದೇ ನನ್ನ ಅಭಿಪ್ರಾಯ. ಖಳನು ಕರುಣೆಗೆ ಅರ್ಹನೆಂಬುದು ಅದಕ್ಕೆ ಕಾರಣವಲ್ಲ, ಜೋಕರನಂಥವನು ಅರ್ಹನಲ್ಲದಿರಬಹುದು. ತೀರ್ಪು ಕೊಡುವವನನ್ನು ಪರೀಕ್ಷಿಸಲು ಯಾರಾದರೂ ಇರಬೇಕು ಎಂಬುದು ಕಾರಣ. ಎದುರಿಗಿರುವವನ ಪ್ರಾಣ ಹೋಗುವ ಕ್ಷಣದಲ್ಲಿ ಅವನನ್ನು ರಕ್ಷಿಸಲು ಹೊಡೆದ ಏಟು ಬೇರೆ. ಸೆರೆಸಿಕ್ಕವನಿಗೆ ಮುಂದಿನ ಅಪರಾಧದ ಭಯದಿಂದ ವಿಧಿಸಿದ ಸಾವು ಬೇರೆ. ಮೊದಲನೆಯದನ್ನು ಎಲ್ಲ ದೇಶಗಳ ಕಾನೂನೂ ಒಂದಲ್ಲ ಒಂದು ರೀತಿಯಲ್ಲಿ ಕ್ಷಮಿಸುತ್ತದೆ. ಎರಡನೆಯದನ್ನು ಒಬ್ಬ ವ್ಯಕ್ತಿಯ ಕೈಗೆ ಕೊಡುವುದಾದರೆ, ಆ ವ್ಯಕ್ತಿ ಎಷ್ಟೇ ಒಳ್ಳೆಯವನಾಗಿರಲಿ, ಉಳಿದವರೆಲ್ಲ ಅವನ ಒಳ್ಳೆಯತನವನ್ನು ನಂಬಿ ಬದುಕಬೇಕಾಗುತ್ತದೆ.

೧೯೩೮ರ ಆ ಮೊದಲ ಕಥೆಯಲ್ಲಿ, ವಿದ್ಯುತ್ ಕುರ್ಚಿಗೆ ಹೋಗಬೇಕಾಗಿದ್ದ ಹೆಂಗಸನ್ನು ಲೋಕವೆಲ್ಲ ಅಪರಾಧಿನಿಯೆಂದೇ ನಂಬಿತ್ತು. ಆ ರಾತ್ರಿ ಪನಿಶರನಂಥ ವೀರನು ನ್ಯಾಯಾಲಯಕ್ಕಿಂತ ಮೊದಲೇ ಅವಳ ಬಳಿಗೆ ಬಂದಿದ್ದರೆ ಏನಾಗುತ್ತಿತ್ತು? ಪ್ರಶ್ನೆ ಕೇಳಿದ ವಿದ್ಯಾರ್ಥಿಯು ಇದನ್ನು ಯೋಚಿಸಿ ನೋಡಲಿ.